ಕಿರಿಕಿರಿ ಡೈರಿ, ಮೆಲ್ಬರ್ನ್ – ಭಾಗ 9: ಓಟಿಲ್ಲದವಳ ರಾಜಕೀಯ

(1/7)
ಹೋದ ಭಾಗದಲ್ಲಿ ಇಲ್ಲಿನ ಕೆಫೆಗಳು ಮಧ್ಯಾಹ್ನ ಮೂರು ಗಂಟೆಗೇ ಬಾಗಿಲು ಹಾಕೋದರ ಬಗ್ಗೆ ಬೈದಿದ್ದೆ. ಬ್ಯಾಚಿನವರು ಸುಮಾರು ಜನ ಡಿಎಂ ಮಾಡಿದ್ರಿ: "ಬರೀ ಗೊಣಗ್ತೀಯಲ್ಲೇ, ಇಷ್ಟ ಇಲ್ಲ ಅಂದ್ರೆ ವಾಪಸ್ ಬಂದ್ಬಿಡು." ಅದಕ್ಕೇ ಈ ಸಲ ಏಳು ಕ್ಯಾಪ್ಶನ್ ಪೂರ್ತಿ ಗೊಣಗಾಟ. ಓದೋಕೆ ಟೈಮ್ ಇಲ್ದಿದ್ರೆ ಸೇವ್ ಮಾಡಿಟ್ಕೊಳ್ಳಿ.

ಫೋಟೋದಲ್ಲಿರೋದು ಒಂದು ಸ್ಲೈಸ್ ಬ್ರೆಡ್, ಮೇಲೆ ಬಾಡಿಸಿದ ಈರುಳ್ಳಿ, ಟೊಮ್ಯಾಟೊ ಸಾಸ್. 2025ರ ಮೇ 3ರಂದು ಇಲ್ಲಿ ಫೆಡರಲ್ ಎಲೆಕ್ಷನ್ ಇತ್ತು. ಇಲ್ಲಿ ಎಲೆಕ್ಷನ್ ಯಾವಾಗಲೂ ಶನಿವಾರವೇ. ಬೂತ್ ಇರೋ ಸ್ಕೂಲುಗಳ ಅಂಗಳದಲ್ಲಿ ಪೇರೆಂಟ್ಸ್ ಒಲೆ ಹಚ್ಚಿ ಸಾಸೇಜ್ ಸುಟ್ಟು ಮಾರ್ತಾರೆ, ದುಡ್ಡು ಸ್ಕೂಲಿಗೆ. ಅದಕ್ಕೆ 'ಡೆಮಾಕ್ರಸಿ ಸಾಸೇಜ್' ಅಂತಲೇ ಹೆಸರು. ನಾನು ಸಾಸೇಜ್ ತಿನ್ನಲ್ಲ ಅಂದಿದ್ದಕ್ಕೆ ಆ ಆಂಟಿ ಅದನ್ನ ಪಕ್ಕಕ್ಕಿಟ್ಟು ಉಳಿದಿದ್ದನ್ನ ಕೊಟ್ರು. ಓಟೂ ಇಲ್ಲ, ಸಾಸೇಜೂ ಇಲ್ಲ. ಈರುಳ್ಳಿ ಮಾತ್ರ ಚೆನ್ನಾಗಿತ್ತು.

(2/7)
ಹೊಟ್ಟೆಕಿಚ್ಚು ಆಗೋ ವಿಷಯ ಮೊದಲು ಹೇಳಿಬಿಡ್ತೀನಿ. ಇಲ್ಲಿ ಓಟು ಹಾಕೋದು ಕಡ್ಡಾಯ. 1924ರಲ್ಲೇ ಕಾನೂನು ಮಾಡಿದ್ರು. ಸುಮ್ಮನೆ ಮನೇಲಿ ಮಲಗಿದ್ರೆ 20 ಡಾಲರ್ ದಂಡ. ದೊಡ್ಡ ಮೊತ್ತ ಏನಲ್ಲ, ಆದರೂ ನೂರಕ್ಕೆ ತೊಂಬತ್ತರ ಆಸುಪಾಸು ಜನ ಬಂದು ಓಟು ಹಾಕ್ತಾರೆ. ನಮ್ಮ ಬೆಂಗಳೂರು ದಕ್ಷಿಣದಲ್ಲಿ 2024ರ ಲೋಕಸಭೆಗೆ ಬಂದಿದ್ದು ನೂರಕ್ಕೆ 53ರಷ್ಟು ಜನ. ಉಳಿದವರು ಎಲ್ಲಿದ್ರು ಅಂತ ನಿಮ್ಮ ನಿಮ್ಮ ಲಾಂಗ್ ವೀಕೆಂಡ್ ರೀಲ್ಸ್ ನೋಡಿದ್ರೆ ಗೊತ್ತಾಗುತ್ತೆ.

ಓಟು ಹಾಕೋ ರೀತಿಯೂ ಬೇರೆ. ಒಬ್ಬರ ಮುಂದೆ ಗುರುತು ಒತ್ತಿ ಬರೋದಲ್ಲ, ಎಲ್ಲ ಕ್ಯಾಂಡಿಡೇಟ್‌ಗಳಿಗೂ 1, 2, 3 ಅಂತ ನಂಬರ್ ಕೊಡಬೇಕು. ನಮ್ಮ ಹಾಸ್ಟೆಲ್ ಲೆಕ್ಕದಲ್ಲೇ ಹೇಳ್ತೀನಿ. ಭಾನುವಾರದ ತಿಂಡಿಗೆ 100 ಜನ ಓಟು ಹಾಕಿದ್ರು ಅಂದ್ಕೊಳ್ಳಿ: ದೋಸೆಗೆ 40, ಇಡ್ಲಿಗೆ 35, ಉಪ್ಪಿಟ್ಟಿಗೆ 25. ನಮ್ಮಲ್ಲಾದ್ರೆ ದೋಸೆ ಗೆದ್ದಾಯ್ತು, 60 ಜನ ಬೇಡ ಅಂದಿದ್ರೂ. ಇಲ್ಲಿ ಕೊನೇಲಿರೋ ಉಪ್ಪಿಟ್ಟು ಔಟ್, ಆ 25 ಜನರ ಎರಡನೇ ಆಯ್ಕೆ ಏನಿತ್ತು ನೋಡ್ತಾರೆ. 20 ಜನ ಇಡ್ಲಿ, 5 ಜನ ದೋಸೆ ಅಂದಿದ್ರೆ, ಇಡ್ಲಿ 55, ದೋಸೆ 45. ಇಡ್ಲಿ ಗೆಲ್ತು. ಉಪ್ಪಿಟ್ಟಿಗೆ ಓಟು ಹಾಕಿದೋರ ಓಟು ವೇಸ್ಟ್ ಆಗಲಿಲ್ಲ ಅನ್ನೋದೇ ನನಗೆ ಇಷ್ಟವಾಗಿದ್ದು. (ಉಪ್ಪಿಟ್ಟಿಗೆ 25 ಬರುತ್ತಾ ಅಂತ ಕಾಮೆಂಟ್‌ನಲ್ಲಿ ಜಗಳ ಶುರು ಮಾಡ್ಬೇಡಿ. ಉದಾಹರಣೆ ಅಷ್ಟೇ.)

ಇನ್ನೊಂದು ತಮಾಷೆ. ಇಲ್ಲಿನ ಪ್ರಧಾನಿ ಹೆರಾಲ್ಡ್ ಹೋಲ್ಟ್ 1967ರಲ್ಲಿ ಸಮುದ್ರಕ್ಕೆ ಈಜಲು ಹೋಗಿ ಕಾಣೆಯಾದ್ರು, ದೇಹವೂ ಸಿಗಲಿಲ್ಲ. ಮೆಲ್ಬರ್ನ್‌ನಲ್ಲಿ ಅವರ ಹೆಸರು ಇಟ್ಟಿರೋದು ಯಾವುದಕ್ಕೆ ಗೊತ್ತಾ? ಈಜುಕೊಳಕ್ಕೆ.

(3/7)
ಓಡಾಟದ ಗೋಳು ಚಿಕ್ಕದಾಗಿ. ಮೆಲ್ಬರ್ನ್ ಏರ್‌ಪೋರ್ಟಿಗೆ ಟ್ರೈನ್ ಇಲ್ಲ. 1970ರಿಂದ ಇರೋ ಏರ್‌ಪೋರ್ಟ್ ಅದು. ದೇವನಹಳ್ಳಿಗೆ ಮೆಟ್ರೋ ಇನ್ನೂ ಬಂದಿಲ್ಲ ಅಂತ ಅಳೋರು ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ. ಸಿಡ್ನಿಗೆ ಟ್ರೈನಲ್ಲಿ ಹೋದ್ರೆ ಸುಮಾರು 11 ಗಂಟೆ. ದೇಶದ ಎರಡು ದೊಡ್ಡ ಊರುಗಳ ನಡುವೆ ದಿನಕ್ಕೆ ಎರಡೇ ಟ್ರೈನು! ಊರೊಳಗೆ ಟ್ರ್ಯಾಮು, ಟ್ರೈನು ಎರಡೂ ಚೆನ್ನಾಗಿವೆ, ಆದ್ರೆ 2025ರಲ್ಲಿ ಮಾಮೂಲಿ ದಿನದಲ್ಲಿ 11 ಡಾಲರ್ ತನಕ ಕಟ್ ಆಗ್ತಿತ್ತು. ಮಾಸ್ಟರ್ಸ್ ಓದೋರಿಗೆ ಕನ್ಸೆಶನ್ ಇಲ್ಲ. ನಮ್ಮೂರಲ್ಲಿ ಸ್ಟೂಡೆಂಟ್ ಪಾಸ್ ಕೊರಳಿಗೆ ಹಾಕ್ಕೊಂಡು ಬಸ್ ಹತ್ತುತ್ತಿದ್ದೋಳು ನಾನು.

ಫೋಟೋದಲ್ಲಿರೋ ಕಲ್ಲುಗಳು 'ಹನ್ನೆರಡು ಅಪಾಸ್ತಲರು'. ಎಣಿಸಿ ನೋಡಿ, ಹನ್ನೆರಡಿಲ್ಲ. ಯಾವತ್ತೂ ಇರಲಿಲ್ಲವಂತೆ. ಇದ್ದಿದ್ದರಲ್ಲೂ ಒಂದು 2005ರಲ್ಲಿ ಕುಸಿದು ಸಮುದ್ರಕ್ಕೆ ಬಿತ್ತು. ಆದರೂ ಹೋಗಿ, ಸಂಜೆ ಬೆಳಕಲ್ಲಿ ನೋಡಿ.

(4/7)
ಈಗ ನಿಜವಾದ ಕಿರಿಕಿರಿ.

ಮೇ ಎಲೆಕ್ಷನ್‌ಗೆ ಮುಂಚೆ ಇಲ್ಲಿ ಒಂದು ಹರಾಜು ನಡೀತು. ಹರಾಜಿಗಿದ್ದಿದ್ದು ನಾವು, ಅಂದ್ರೆ ಹೊರದೇಶದ ಸ್ಟೂಡೆಂಟ್ಸ್. ಮನೆ ಬಾಡಿಗೆ ಏರ್ತಿದೆ, ಮನೆ ಸಿಗ್ತಿಲ್ಲ ಅಂತ ಜನಕ್ಕೆ ಸಿಟ್ಟಿತ್ತು. ಸಿಟ್ಟು ನ್ಯಾಯವೇ, ಬಾಡಿಗೆ ಕಟ್ಟೋಳಾಗಿ ನಂಗೂ ಇದೆ. ಆದ್ರೆ ಅದಕ್ಕೆ ಎರಡೂ ದೊಡ್ಡ ಪಕ್ಷಗಳು ಕಂಡುಕೊಂಡ ಉತ್ತರದಲ್ಲಿ ಸ್ಟೂಡೆಂಟ್ ವೀಸಾ ಫೀಸೂ ಒಂದು. 710 ಡಾಲರ್ ಇದ್ದಿದ್ದನ್ನ 2024ರ ಜುಲೈನಲ್ಲಿ 1,600 ಮಾಡಿದ್ರು. ವಿರೋಧ ಪಕ್ಷದೋರು ಗೆದ್ರೆ 2,500 ಮಾಡ್ತೀವಿ, ದೊಡ್ಡ ಎಂಟು ಯೂನಿವರ್ಸಿಟಿಗಳಿಗೆ ಬರೋರಿಗೆ 5,000 ಮಾಡ್ತೀವಿ ಅಂದ್ರು. ಅಧಿಕಾರದಲ್ಲಿದ್ದ ಲೇಬರ್ ಪಕ್ಷ 2,000 ಅಂತು. ಲೇಬರ್ ಗೆಲ್ತು, ಜುಲೈ 1ಕ್ಕೆ 2,000 ಆಯ್ತು. ನಮ್ಮ ದುಡ್ಡಲ್ಲಿ ಒಂದು ಲಕ್ಷ ದಾಟುತ್ತೆ. ವೀಸಾ ರಿಜೆಕ್ಟ್ ಆದ್ರೂ ಇದು ವಾಪಸ್ ಬರಲ್ಲ. ಅಪ್ಲೈ ಮಾಡೋ ಜೂನಿಯರ್‌ಗಳೇ, ಇದನ್ನ ಕಾಲೇಜ್ ಫೀಸಿನ ಲೆಕ್ಕದಲ್ಲಿ ಸೇರಿಸ್ಬೇಡಿ, ಕೈಬಿಟ್ಟ ದುಡ್ಡು ಅಂತ ಬೇರೆ ಬರೆದಿಟ್ಕೊಳ್ಳಿ. ಬ್ಯಾಂಕಲ್ಲಿ ತೋರಿಸಬೇಕಾದ ಖರ್ಚಿನ ಹಣ ಒಂದು ವರ್ಷಕ್ಕೆ 29,710 ಡಾಲರ್, ಅದು ಇನ್ನೊಂದು ಕಥೆ.

ಕ್ಲಾಸ್ ನಡೀತಿರುವಾಗ ಎರಡು ವಾರಕ್ಕೆ 48 ಗಂಟೆಗಿಂತ ಜಾಸ್ತಿ ಕೆಲಸ ಮಾಡೋ ಹಾಗಿಲ್ಲ. ದುಡಿದಿದ್ದಕ್ಕೆ ಟ್ಯಾಕ್ಸ್ ಕಟ್ತೀವಿ. ಹೊರದೇಶದ ಸ್ಟೂಡೆಂಟ್ಸಿಂದ ಈ ದೇಶಕ್ಕೆ ವರ್ಷಕ್ಕೆ ಬರೋ ದುಡ್ಡು ಸುಮಾರು 50 ಬಿಲಿಯನ್ ಡಾಲರ್. ಇಷ್ಟು ಕೊಡೋ ಗಿರಾಕಿ ಮೇಲೆ ಅಂಗಡಿಯವರೇ ಹಿಂಗೆ ಮುನಿಸ್ಕೊಳ್ಳೋದನ್ನ ನಾನು ಬೇರೆಲ್ಲೂ ನೋಡಿಲ್ಲ. ಓಟಿಲ್ಲದವರ ಮೇಲೆ ರೇಟು ಏರಿಸಿದ್ರೆ ಯಾರಿಗೆ ನಷ್ಟ ಹೇಳಿ?

(5/7)
ಇದಕ್ಕೆ ಫೋಟೋ ಇಲ್ಲ, ಕಪ್ಪು ಸ್ಲೈಡ್ ಅಷ್ಟೇ.

ಆಗಸ್ಟ್ 31, ಭಾನುವಾರ. ವಲಸೆ ವಿರೋಧಿಸಿ ದೊಡ್ಡ ಊರುಗಳಲ್ಲೆಲ್ಲ ಮೆರವಣಿಗೆ ಇತ್ತು. ಅದರ ಕರಪತ್ರದಲ್ಲಿ ಭಾರತೀಯರನ್ನೇ ಹೆಸರು ಹಿಡಿದು ಬರೆದಿದ್ರು: ನೂರು ವರ್ಷದಲ್ಲಿ ಬಂದ ಗ್ರೀಕರು, ಇಟಾಲಿಯನ್ನರಿಗಿಂತ ಐದು ವರ್ಷದಲ್ಲಿ ಬಂದ ಇವರೇ ಜಾಸ್ತಿ ಅನ್ನೋ ಅರ್ಥದಲ್ಲಿ. ಸರ್ಕಾರ ಖಂಡಿಸ್ತು, ಅದು ನಿಜ. ಆದ್ರೆ ಆ ದಿನ ಸಿಟಿ ಒಳಗೆ ನನ್ನ ಶಿಫ್ಟ್ ಇತ್ತು. ಅಮ್ಮ ನ್ಯೂಸ್ ನೋಡಿ ಬೆಳಗ್ಗೆಯಿಂದ ನಾಲ್ಕು ಸಲ ಕಾಲ್ ಮಾಡಿದ್ಲು. "ಹೊರಗೆ ಹೋಗ್ಬೇಡ ಮಗಾ, ಕೆಲಸ ಹೋದ್ರೆ ಹೋಗ್ಲಿ" ಅಂತ. ನಾನು ಬರಲ್ಲ ಅಂತ ಮೆಸೇಜ್ ಹಾಕಿದೆ. ಓನರ್ ಒಂದು ಥಂಬ್ಸ್ ಅಪ್ ಒತ್ತಿದ್ರು. ಮುಂದಿನ ಎರಡು ವಾರದ ರೋಸ್ಟರ್‌ನಲ್ಲಿ ನನ್ನ ಹೆಸರೇ ಇರಲಿಲ್ಲ. ಕ್ಯಾಶುಯಲ್ ಕೆಲಸ ಅಂದ್ರೆ ಇದೇ: ತೆಗೆದುಹಾಕ್ದೆ ಅಂತ ಯಾರೂ ಹೇಳಲ್ಲ, ಕರೆಯಲ್ಲ ಅಷ್ಟೇ. ಓನರ್ ಕೂಡ ನಮ್ಮ ದೇಶದವರೇ ಅನ್ನೋದನ್ನ ಹೇಳದೇ ಇದ್ರೆ ಮೋಸ ಆಗುತ್ತೆ.

ಅದೇ ದಿನ ಮೆಲ್ಬರ್ನ್‌ನಲ್ಲಿ ಮೂಲನಿವಾಸಿಗಳ ಕ್ಯಾಂಪ್ ಮೇಲೆ ಕಪ್ಪು ಬಟ್ಟೆ ಹಾಕ್ಕೊಂಡ ಗಂಡಸರ ಗುಂಪು ನುಗ್ಗಿ ಹೊಡೀತು. ಹತ್ತಾರು ಸಾವಿರ ವರ್ಷಗಳಿಂದ ಈ ನೆಲದಲ್ಲಿರೋ ಜನ ಅವರು. ಅವರನ್ನ ಎಲ್ಲಿಗೆ ವಾಪಸ್ ಕಳಿಸ್ತಾರಂತೆ?

ಅದಾಗಿ ಕೆಲವೇ ದಿನಕ್ಕೆ ಸೆನೆಟರ್ ಜಸಿಂಟಾ ಪ್ರೈಸ್ ಟಿವೀಲಿ ಮಾತಾಡಿ, ಲೇಬರ್ ಸರ್ಕಾರ ಓಟಿಗೋಸ್ಕರ ಭಾರತೀಯರನ್ನ ಕರೆಸ್ಕೊಳ್ತಿದೆ ಅನ್ನೋ ಅರ್ಥ ಬರೋ ಹಾಗೆ ಹೇಳಿದ್ರು. ಗಲಾಟೆ ಆಗಿ ಅವರ ಪಕ್ಷವೇ ಅವರನ್ನ ಮುಂಚೂಣಿ ಸ್ಥಾನದಿಂದ ಇಳಿಸ್ತು. ಅಕ್ಕ, ಯಾವ ಓಟು? ಸ್ಟೂಡೆಂಟ್ ವೀಸಾದಲ್ಲಿರೋರು ಓಟು ಹಾಕೋ ಹಾಗಿಲ್ಲ. ಪಿಆರ್ ಸಿಗಬೇಕು, ಆಮೇಲೆ ಸಿಟಿಜನ್ ಆಗಬೇಕು, ಸಿಟಿಜನ್ ಆಗೋಕೆ ನಾಲ್ಕು ವರ್ಷ ಇಲ್ಲೇ ಇದ್ದಿರಬೇಕು, ಅದರಲ್ಲಿ ಕೊನೇ ಒಂದು ವರ್ಷ ಪಿಆರ್ ಆಗಿ. ನನಗೆ ಸಿಕ್ಕಿದ್ದು ಈರುಳ್ಳಿ ಬ್ರೆಡ್ಡು.

(6/7)
ಪಕ್ಕದ ಮನೆ ಅಜ್ಜಿ ಗ್ರೀಕರು. ಸಣ್ಣ ವಯಸ್ಸಲ್ಲಿ ಹಡಗಲ್ಲಿ ಬಂದವರು. ಕರಪತ್ರದಲ್ಲಿ ಒಳ್ಳೇ ವಲಸಿಗರ ಲೆಕ್ಕಕ್ಕೆ ಹಾಕಿದ್ದು ಇವರನ್ನೇ. ನಾನು ಫೋನಲ್ಲಿ ತೋರಿಸ್ದೆ. ಕನ್ನಡಕ ಹಾಕ್ಕೊಂಡು ಓದಿ, "ನಾವು ಬಂದಾಗ ನಮ್ಮನ್ನ ಬೈತಿದ್ರು. ಈಗ ನಮ್ಮ ಹೆಸರು ಹೇಳಿ ನಿಮ್ಮನ್ನ ಬೈತಾರೆ" ಅಂದ್ರು. ಅಷ್ಟು ಹೇಳಿ ಹಿತ್ತಲಿಂದ ಒಂದು ಕವರ್ ತುಂಬ ನಿಂಬೆಹಣ್ಣು ತಂದುಕೊಟ್ರು. ಫೋಟೋದಲ್ಲಿರೋದು ಅದೇ, ಉಪ್ಪು ಹಾಕಿ ಬಿಸಿಲಿಗಿಟ್ಟಿದ್ದೀನಿ.

ಈಗ ಹೇಳೋ ಮಾತಿಗೆ ನಿಮ್ಮಲ್ಲಿ ಕೆಲವರು ಅನ್‌ಫಾಲೋ ಮಾಡ್ತೀರ, ಪರವಾಗಿಲ್ಲ. ಆಗಸ್ಟ್‌ನಲ್ಲಿ ನನಗೆ "ಹುಷಾರು ಕಣೆ" ಅಂತ ಮೆಸೇಜ್ ಮಾಡಿದ ಒಬ್ಬನ ಸ್ಟೋರೀಲಿ ಅದೇ ವಾರ ಒಂದು ರೀಲ್ ಇತ್ತು. ಬೆಂಗಳೂರಲ್ಲಿ ಕಟ್ಟಡ ಕೆಲಸ ಮಾಡೋ ಹೊರರಾಜ್ಯದ ಹುಡುಗರು ರೈಲು ಹತ್ತೋ ವಿಡಿಯೋ, ಮೇಲೆ 'ವಾಪಸ್ ಹೋಗಿ' ಅಂತ ಬೆಂಕಿ ಎಮೋಜಿ. ಬಂದವರು ಕನ್ನಡ ಕಲೀಬೇಕು ಅಂತ ನಾನೂ ಗಟ್ಟಿಯಾಗೇ ಹೇಳ್ತೀನಿ. ಇಲ್ಲಿ ವೀಸಾಗೆ ನಾನೇ ಇಂಗ್ಲಿಷ್ ಪರೀಕ್ಷೆ ಬರೆದು ಬಂದಿದ್ದೀನಿ, ತಪ್ಪೇನಿಲ್ಲ ಅನ್ಸುತ್ತೆ. ಕಲೀರಿ ಅನ್ನೋದು ಬೇರೆ, ತೊಲಗಿ ಅನ್ನೋದು ಬೇರೆ. ಅವನಿಗೆ ಇದನ್ನೇ ಬರೆದೆ. ಸೀನ್ ಆಗಿದೆ, ರಿಪ್ಲೈ ಬಂದಿಲ್ಲ. ನಾವಿಬ್ಬರೂ ಮೂರು ವರ್ಷ ಒಂದೇ ಬೆಂಚು.

(7/7)
ನಾನು ಬಾಡಿಗೆಗಿರೋ ಮನೆಯವರ ಮಗನಿಗೆ 14 ವರ್ಷ. ಈ ಡೈರಿ ಶುರುವಾದಾಗಿಂದ ಫಾಲೋವರ್. ಕನ್ನಡ ಓದೋಕೆ ಬರಲ್ಲ, ಆದ್ರೂ ಪ್ರತಿ ಫೋಟೋಗೂ ಲೈಕ್. ಎಲೆಕ್ಷನ್ ದಿನ "ನೀನು ಯಾರಿಗೆ ಹಾಕ್ದೆ" ಅಂತ ಕೇಳಿದ್ದ. ನಂಗೆ ಓಟಿಲ್ಲ ಅಂದೆ. "ನಂಗೂ ಇಲ್ಲ" ಅಂತ ಖುಷಿಯಿಂದ ಕೈ ಕುಲುಕಿದ.

ಡಿಸೆಂಬರ್ 10ರಿಂದ ಇಲ್ಲಿ 16 ವರ್ಷದೊಳಗಿನವರು ಸೋಶಿಯಲ್ ಮೀಡಿಯಾ ಅಕೌಂಟ್ ಇಟ್ಕೊಳ್ಳೋ ಹಾಗಿಲ್ಲ. ತಪ್ಪಿದ್ರೆ ದಂಡ ಮಕ್ಕಳಿಗಲ್ಲ, ಕಂಪನಿಗಳಿಗೆ, 49.5 ಮಿಲಿಯನ್ ಡಾಲರ್ ತನಕ. ರಾತ್ರಿ ಎರಡಕ್ಕೆ ಸ್ಕ್ರೋಲ್ ಮಾಡೋ ನನ್ನ ತಮ್ಮನನ್ನ ನೆನೆಸ್ಕೊಂಡ್ರೆ ಕಾನೂನು ಸರಿ ಅನ್ಸುತ್ತೆ. ಈ ಹುಡುಗನ ಮುಖ ನೋಡಿದ್ರೆ ಹಂಗನ್ಸಲ್ಲ. ಅವನ ಕ್ಲಾಸಿನ ಅರ್ಧ ಜನ ಆಗಲೇ ವಯಸ್ಸು ಸುಳ್ಳು ಹೇಳಿ ವಾಪಸ್ ಬಂದಿದ್ದಾರಂತೆ. ಇವನು ಹೇಳಿಲ್ಲ, ಅವರಮ್ಮ ಟೀಚರ್.

ಹಾಗಾಗಿ ಒಬ್ಬ ಫಾಲೋವರ್ ಕಮ್ಮಿ. ಈ ಪೋಸ್ಟಿನ ಫೋಟೋಗಳನ್ನ ಸಂಜೆ ಅಡುಗೆಮನೇಲಿ ಫೋನ್ ಹಿಡಿದು ತೋರಿಸ್ಬೇಕು. ಮುಂದಿನ ಭಾಗ ಬಾಡಿಗೆ ಮನೆ ಹುಡುಕಾಟದ ಬಗ್ಗೆ. ಅಡ್ವಾನ್ಸ್, ಇನ್‌ಸ್ಪೆಕ್ಷನ್, ಲಿವಿಂಗ್ ರೂಮಲ್ಲಿ ಪರದೆ ಕಟ್ಟಿ ಮಲಗೋದು, ಎಲ್ಲ. ಪ್ರಶ್ನೆ ಇದ್ರೆ ಡಿಎಂ ಮಾಡಿ. ವೀಸಾ ಏಜೆಂಟ್ ನಂಬರ್ ಮಾತ್ರ ಕೇಳ್ಬೇಡಿ, ನಾನು ಕೊಡಲ್ಲ.