ಬಿಸಿಯೂಟದ ಸಾಲು

ಬಿಸಿಯೂಟದಿಂದ ಏನಾದರೂ ಪ್ರಯೋಜನವಾಯಿತೇ ಎಂದು ಕೇಳುವವರು ಸಾಮಾನ್ಯವಾಗಿ ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸುವವರೇ ಆಗಿರುತ್ತಾರೆ. ಅವರ ತಪ್ಪೂ ಅಲ್ಲ. ಹುಳು ಬಿದ್ದ ಅಕ್ಕಿ, ಹಲ್ಲಿ ಬಿದ್ದ ಸಾಂಬಾರು, ಆಸ್ಪತ್ರೆಗೆ ಸೇರಿದ ಮಕ್ಕಳು, ಪತ್ರಿಕೆಯಲ್ಲಿ ಬರುವುದು ಇಷ್ಟೇ. ದಿನವೂ ಹದವಾಗಿ ಬೆಂದ ಅನ್ನ ಸುದ್ದಿಯಾಗುವುದಿಲ್ಲ. ಮಂಡ್ಯ ಜಿಲ್ಲೆಯಲ್ಲೇ ಹುಟ್ಟಿ ಇಲ್ಲಿನ ಸರ್ಕಾರಿ ಶಾಲೆಗಳಲ್ಲೇ ಓದಿದ ನಾವು ಕೆಲವು ಗೆಳೆಯರು, ಮಂಡ್ಯ, ಮದ್ದೂರು, ಮಳವಳ್ಳಿ ತಾಲೂಕುಗಳ ಶಾಲೆಗಳಿಗೆ ಪುಸ್ತಕ, ಬ್ಯಾಗು ಹಂಚುವ ನೆಪದಲ್ಲಿ ಆಗಾಗ ಹೋಗುತ್ತಿರುತ್ತೇವೆ. ಕಂಡದ್ದನ್ನು ಹೇಳುವುದಾದರೆ, ಹೊಟ್ಟೆ ತುಂಬಿಸುವ ಕೆಲಸದಲ್ಲಿ ಈ ಯೋಜನೆ ಗೆದ್ದಿದೆ. ಅದು ಎಡವುತ್ತಿರುವುದು ಬೇರೆ ಕಡೆ.

ನಾವು ಓದುವಾಗ ಶಾಲೆಯಲ್ಲಿ ಒಲೆ ಇರಲಿಲ್ಲ. 1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಆರಂಭಿಸಿದ ಯೋಜನೆಯಂತೆ, ಶೇ. 80ರಷ್ಟು ಹಾಜರಾತಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಸಿಗುತ್ತಿತ್ತು. ಕೈಚೀಲ ಹಿಡಿದು ಸಾಲು ನಿಂತು ಅಕ್ಕಿ ತಂದವರು ನಾವು. ತಂದ ಅಕ್ಕಿ ಮನೆಯ ಪಾತ್ರೆಗೆ ಬೀಳುತ್ತಿತ್ತು. ಏಳೆಂಟು ಮಂದಿ ಉಣ್ಣುವ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿನ ಪಾಲು ಎಷ್ಟೆಂದು ಅಳೆದವರು ಯಾರು? ಹೆಣ್ಣುಮಕ್ಕಳ ಪಾಲಂತೂ ಕಡೆಯದು. ಪಿಯುಸಿಎಲ್ ಸಂಸ್ಥೆ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು, ಧಾನ್ಯವಲ್ಲ, ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಆದೇಶಿಸಿತು. ಕರ್ನಾಟಕದಲ್ಲಿ 'ಅಕ್ಷರ ದಾಸೋಹ' 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ, 2003ರಲ್ಲಿ ನಮ್ಮ ಕಡೆಗೂ ಬಂತು. ಆಗ ಮುಖ್ಯಮಂತ್ರಿಯಾಗಿದ್ದವರು ಮದ್ದೂರು ತಾಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಬೆಂಗಳೂರನ್ನು ಸಿಂಗಪುರ ಮಾಡಹೊರಟವರೆಂದು ಅವರನ್ನು ನೆನೆಯುವವರು ಈ ಒಲೆಯನ್ನು ಮರೆತುಬಿಡುತ್ತಾರೆ.

ಐದನೇ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ದೊಡ್ಡ ತರಗತಿಗೆ 150 ಗ್ರಾಂ. ಜೊತೆಗೆ ಬೇಳೆ, ತರಕಾರಿ, ಎಣ್ಣೆ. ಎಲ್ಲ ಸೇರಿ ಚಿಕ್ಕ ಮಗುವಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಪ್ರೋಟೀನು ಸಿಗಬೇಕೆಂಬುದು ಲೆಕ್ಕ. ಮುದ್ದೆ ಉಂಡು ಬೆಳೆದ ನಾಡಿನ ಮಕ್ಕಳಿಗೆ ಅನ್ನ ಸಾಂಬಾರಷ್ಟೇ ಏಕೆ ಎಂದು ನಮಗೆ ಯಾವಾಗಲೂ ಅನಿಸುತ್ತಿತ್ತು. 2024ರ ಫೆಬ್ರುವರಿಯಿಂದ ಹಾಲಿನ ಜೊತೆ ರಾಗಿ ಮಾಲ್ಟಾದರೂ ಬಂತು. ಹಾಲು ಶಾಲೆಗೆ ಬಂದದ್ದು 2013ರ ಆಗಸ್ಟ್‌ನಲ್ಲಿ. ನಮ್ಮ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇರುವುದು ಮದ್ದೂರು ತಾಲೂಕಿನ ಗೆಜ್ಜಲಗೆರೆಯಲ್ಲಿ. ಊರೂರಿನಲ್ಲೂ ಹಾಲು ಕರೆದು ಡೇರಿಗೆ ಹಾಕುವವರಿದ್ದಾರೆ. ಆದರೆ ಹಸು ಕಟ್ಟಿದ ಮನೆಯ ಮಗು ಲೋಟದ ತುಂಬ ಹಾಲು ಕುಡಿದದ್ದು ಮನೆಯಲ್ಲಲ್ಲ, ಶಾಲೆಯಲ್ಲಿ. ಮನೆಯ ಹಾಲೆಲ್ಲ ಸಾಲಕ್ಕೆ, ಬೂಸಾಕ್ಕೆ ಸರಿಹೋಗುತ್ತದೆ.

ಕಾಲುವೆ ನೀರಿನ ಜಿಲ್ಲೆಯಲ್ಲಿ ಹಸಿವೇ ಎಂದು ಹುಬ್ಬೇರಿಸುವವರು ಕಬ್ಬು ಕಡಿಯಲು ಬರುವವರ ಜೋಪಡಿಗಳನ್ನು ಒಮ್ಮೆ ನೋಡಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗವಾದ ಮಳವಳ್ಳಿ ಕಡೆಯ ಹಳ್ಳಿಗಳನ್ನೂ ನೋಡಬೇಕು. ಬೆಳಿಗ್ಗೆ ಏನು ತಿಂದೆ ಎಂದು ಕೇಳಿದರೆ 'ಟೀ ಬನ್ನು' ಎನ್ನುವ ಮಕ್ಕಳು ಪ್ರತಿ ಶಾಲೆಯಲ್ಲೂ ನಮಗೆ ಸಿಕ್ಕಿದ್ದಾರೆ. ಏನೂ ಹೇಳದೆ ತಲೆ ತಗ್ಗಿಸಿದವರೂ ಇದ್ದಾರೆ. ಇನ್ನೊಂದು ಮಾತು. ಶಾಲೆಯಲ್ಲಿ ಊಟ ಸಿಕ್ಕ ಹೆಣ್ಣುಮಕ್ಕಳು ಮುಂದೆ ತಾಯಂದಿರಾದಾಗ ಅವರ ಮಕ್ಕಳಲ್ಲಿ ಬೆಳವಣಿಗೆ ಕುಂಠಿತವಾಗುವುದು ಕಡಿಮೆ ಎಂದು 2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿದೆ. ಅಂದರೆ ಇಂದು ಬಡಿಸಿದ ಊಟ ಇನ್ನೂ ಹುಟ್ಟದ ಮಗುವಿಗೂ ಸೇರುತ್ತದೆ.

ಮೊಟ್ಟೆಯ ವಿಷಯಕ್ಕೆ ಬರೋಣ. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವುದು ಶುರುವಾಯಿತು. ತಿನ್ನದವರಿಗೆ ಬಾಳೆಹಣ್ಣು. ಆಗ ಒಂದು ಮೊಟ್ಟೆಗೆ ಗೊತ್ತುಪಡಿಸಿದ ದರ 6 ರೂಪಾಯಿ. ಅದರಲ್ಲಿ ಸಿಪ್ಪೆ ಸುಲಿಯುವ ಕೂಲಿ 30 ಪೈಸೆ. ಅಂಗಡಿಯಲ್ಲಿ ಬೆಲೆ ಏರಿದರೆ ಹೆಚ್ಚಿನ ಹಣ ಮುಖ್ಯ ಶಿಕ್ಷಕರ ಜೇಬಿನಿಂದಲೇ ಹೋಗಬೇಕು. ಮೊಟ್ಟೆ ಸುಲಿಯುತ್ತಾ ಕುಳಿತಿದ್ದ ಅಡುಗೆಯವರೊಬ್ಬರು ನಮಗೆ ಹೇಳಿದ್ದು: "ಮೊಟ್ಟೆ ದಿಸ ಒಬ್ರೂ ತಪ್ಪಿಸ್ಕಳಲ್ಲ ಕನಣ್ಣ. ನಂಗೇ ಎಣಿಸೋಕಾಗ್ದಂಗೆ ಮುಗೀತವೆ." ಈ ಹೆಂಗಸರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕೇಂದ್ರ ಸರ್ಕಾರ 2009ರಲ್ಲಿ ತಿಂಗಳಿಗೆ 1000 ರೂಪಾಯಿ ಎಂದು ಗೊತ್ತುಮಾಡಿದ್ದು, ಅದೂ ವರ್ಷಕ್ಕೆ ಹತ್ತು ತಿಂಗಳು. ಅದರ ಮೇಲೆ ರಾಜ್ಯ ಸರ್ಕಾರ ಕೂಡಿಸುತ್ತಾ ಬಂದಿದೆ. ಆದರೂ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೆಂಕಿಯ ಮುಂದೆ ನಿಲ್ಲುವವರಿಗೆ ಗೌರವವೂ ಇಲ್ಲ, ಧನವೂ ಇಲ್ಲ.

ಶಾಲೆಯ ಒಲೆ ಎಷ್ಟು ಮುಖ್ಯ ಎಂಬುದು ನಮಗೆ ಮನದಟ್ಟಾದದ್ದು ಶಾಲೆಯ ಒಲೆಯಲ್ಲಿ ಬೇಯದ ಒಂದು ಊಟದಿಂದ. 2025ರ ಮಾರ್ಚ್‌ನಲ್ಲಿ ಮಳವಳ್ಳಿ ತಾಲೂಕಿನ ಟಿ. ಕಾಗೇಪುರದ ಖಾಸಗಿ ಶಾಲೆಯೊಂದರ ಹಾಸ್ಟೆಲಿನಲ್ಲಿ, ಹೋಳಿ ಹಬ್ಬದ ಖಾಸಗಿ ಸಮಾರಂಭದಲ್ಲಿ ಮಿಕ್ಕಿದ ಊಟವನ್ನು ಮಕ್ಕಳಿಗೆ ಬಡಿಸಲಾಯಿತು. ಹಲವರು ಅಸ್ವಸ್ಥರಾದರು. ಓದಲೆಂದು ದೂರದ ಮೇಘಾಲಯದಿಂದ ಬಂದಿದ್ದ ಇಬ್ಬರು ವಿದ್ಯಾರ್ಥಿಗಳು ತೀರಿಕೊಂಡರು. ಇದಕ್ಕೂ ಬಿಸಿಯೂಟಕ್ಕೂ ಸಂಬಂಧವಿಲ್ಲ, ನಿಜ. ಆದರೆ ದಾನವಾಗಿ ಬರುವ ಊಟಕ್ಕೂ ಹಕ್ಕಾಗಿ ಬೇಯುವ ಊಟಕ್ಕೂ ಇರುವ ವ್ಯತ್ಯಾಸ ಇದೇ. ಬಿಸಿಯೂಟವನ್ನು ಬಡಿಸುವ ಮೊದಲು ಶಿಕ್ಷಕರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಆ ನಿಯಮವನ್ನು ಕಾಟಾಚಾರಕ್ಕೆ ಪಾಲಿಸುವವರು ಇದ್ದಾರು; ಆದರೆ ನಿಯಮ ಇದೆ, ಕೇಳುವ ಅಧಿಕಾರ ತಾಯಂದಿರಿಗಿದೆ. ಮಿಕ್ಕಿದ್ದನ್ನು ಕೊಟ್ಟವರನ್ನು ಯಾರು ಕೇಳಬೇಕು?

ಹಾಗಾದರೆ ಎಡವುತ್ತಿರುವುದೆಲ್ಲಿ? ಪಂಕ್ತಿಯಲ್ಲಿ.

2025ರ ಜುಲೈನಲ್ಲಿ ಮಂಡ್ಯ ತಾಲೂಕಿನ ಆಲಕೆರೆಯ ಸರ್ಕಾರಿ ಶಾಲೆ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಹತ್ತಿರದಲ್ಲೇ ವೀರಭದ್ರೇಶ್ವರ ದೇವಸ್ಥಾನವಿದೆ, ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದು ಎಂದರು ಕೆಲವು ಪೋಷಕರು. ನಮ್ಮ ಮಕ್ಕಳಿಗೆ ಮೊಟ್ಟೆ ಬೇಕು ಎಂದರು ಇನ್ನು ಕೆಲವರು. ಮೊಟ್ಟೆ ಕೊಡುವುದನ್ನು ವಿರೋಧಿಸಿದವರಲ್ಲಿ ಅನೇಕರು ಟಿ.ಸಿ. ಪಡೆದು ಮಕ್ಕಳನ್ನು ಬೇರೆ ಶಾಲೆಗಳಿಗೆ ಸೇರಿಸಿದರು. ನಾವೂ ಆಹಾರದ ಕಟ್ಟುಪಾಡುಗಳನ್ನು ಪಾಲಿಸುವವರೇ. ತಿನ್ನಬಾರದ್ದನ್ನು ತಿನ್ನದೇ ಇರುವುದು ಎಷ್ಟು ಆಳದ ಸಂಗತಿ ಎಂಬುದು ನಮಗೆ ಗೊತ್ತು. ಆ ಪೋಷಕರ ಭಾವನೆಯನ್ನು ಹಗುರವಾಗಿ ಕಾಣಲಾರೆವು. ಆದರೆ ನನ್ನ ತಟ್ಟೆಗೆ ಬೇಡ ಎನ್ನುವುದು ಬೇರೆ, ಪಕ್ಕದ ತಟ್ಟೆಗೂ ಬೇಡ ಎನ್ನುವುದು ಬೇರೆ. ಬಾಳೆಹಣ್ಣು ಇದ್ದದ್ದೇ ಮೊದಲನೆಯವರಿಗಾಗಿ. ದಾಸೋಹ ಎಂಬ ಪದವನ್ನು ಸರ್ಕಾರ ತಂದದ್ದು ಶರಣರಿಂದ. ಉಣ್ಣುವವನ ಕುಲ ಕೇಳದೆ ಬಡಿಸುವುದಕ್ಕೆ ಅವರು ಇಟ್ಟ ಹೆಸರು ಅದು.

ಬೇಯಿಸುವವರ ಕುಲ ಕೇಳುವ ರೋಗವೂ ಹೊಸದಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಇರಬೇಕೆಂದು ಸುಪ್ರೀಂ ಕೋರ್ಟು 2004ರಲ್ಲೇ ಹೇಳಿದ್ದರೂ, ಈ ಜಿಲ್ಲೆಯ ಎಷ್ಟು ಶಾಲೆಗಳ ಒಲೆಯ ಮುಂದೆ ದಲಿತ ಹೆಂಗಸರಿದ್ದಾರೆ, ಎಷ್ಟು ಕಡೆ ಮುಸ್ಲಿಮ್ ಹೆಂಗಸರಿದ್ದಾರೆ ಎಂದು ಓದುಗರು ತಮ್ಮ ಊರಿನಲ್ಲೇ ಎಣಿಸಿ ನೋಡಲಿ. ಗಲಾಟೆ ಬೇಡವೆಂದು ಮೊದಲೇ ಜಾಗರೂಕರಾಗುವ ಊರುಗಳೇ ಹೆಚ್ಚು. ಮಕ್ಕಳಿಗೆ ಮಾತ್ರ ಇದರ ಪರಿವೆ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಗಣೇಶ ಮೆರವಣಿಗೆಯ ವೇಳೆ ಕಲ್ಲು ಬಿದ್ದು ಮದ್ದೂರು ಪಟ್ಟಣ ಕಳವಳಗೊಂಡಿತ್ತು. ಆಮೇಲೊಮ್ಮೆ ಆ ತಾಲೂಕಿನ ಶಾಲೆಯೊಂದಕ್ಕೆ ಹೋದಾಗ ಕಂಡದ್ದು ಎಂದಿನ ಸಾಲು: ಚಕ್ಕಳಮಕ್ಕಳ ಹಾಕಿ ಕುಳಿತ ಮಕ್ಕಳು, ತನ್ನ ಮೊಟ್ಟೆಯ ಹಳದಿ ಸೇರದ ಹುಡುಗಿ, ಅದಕ್ಕಾಗಿಯೇ ಕಾದು ಕುಳಿತ ಪಕ್ಕದ ಹುಡುಗ.

ಆದರೆ ಸಾಲು ಗಿಡ್ಡವಾಗುತ್ತಿದೆ. ಕಾನ್ವೆಂಟಿನ ಹಳದಿ ವ್ಯಾನು ಹಳ್ಳಿಯ ಮೂಲೆಗೂ ಬರುತ್ತದೆ. ಇಂಗ್ಲಿಷಿನ ಆಸೆಯ ಮುಂದೆ ಮೊಟ್ಟೆಯೂ ನಿಲ್ಲದು, ಹಾಲೂ ನಿಲ್ಲದು. ಉಳಿದವರು ಕೂಲಿಯವರ, ಗುಳೆ ಬಂದವರ ಮಕ್ಕಳು. 25 ಮಕ್ಕಳವರೆಗೆ ಒಬ್ಬ ಅಡುಗೆಯವರು, 26 ಆದರೆ ಇಬ್ಬರು ಎಂಬುದು ನಿಯಮ. ಮಳವಳ್ಳಿ ತಾಲೂಕಿನ ಒಂದು ಶಾಲೆಯಲ್ಲಿ ನಾವು ಹೋದ ದಿನ ದಾಖಲೆಯಲ್ಲಿ ಇದ್ದದ್ದು 27. ಊಟ ಮುಗಿಸಿ ಹೊರಟಾಗ ಸಹಾಯಕಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಗೇಟಿನವರೆಗೂ ಬಂದರು. "ನಿಮ್ಮ ಕಡೆಯೋರ್ದು ಯಾರ್ದಾರ ಮಕ್ಳಿದ್ರೆ ಇಲ್ಲಿಗೆ ಸೇರ್ಸಿ ಕನಣ್ಣ, ಚೆನ್ನಾಗಿ ಬೇಯಿಸಾಕ್ತೀವಿ" ಎಂದರು.