ದಾದಾ ಅವರ ಸಿಲ್ಲಿ

ನಮ್ಮ ದಾದಾ ಹಿರೀಸಾವೆಯಲ್ಲಿ ಕ್ಷೌರದ ಅಂಗಡಿ ನಡೆಸುತ್ತಿದ್ದರು. ಈಗ ಅಂಗಡಿಯನ್ನು ಚಾಚಾ ನೋಡಿಕೊಳ್ಳುತ್ತಾರೆ. ಒಬ್ಬೊಬ್ಬ ಗಿರಾಕಿಗೂ ಹೊಸ ಬ್ಲೇಡು ಹಾಕುವುದರಿಂದ ಅಲ್ಲಿ ಮಸೆಯುವ ಕೆಲಸವೇ ಇಲ್ಲ. ದಾದಾ ಮಾತ್ರ ಪ್ರತಿ ಶುಕ್ರವಾರ ಜುಮಾ ನಮಾಜಿಗೆ ಮುಂಚೆ ತಮ್ಮ ಹಳೆಯ ಉಸ್ತರಾದಲ್ಲೇ ಕೆನ್ನೆ, ಕತ್ತು ಸರಿಮಾಡಿಕೊಳ್ಳುತ್ತಾರೆ. ಅದನ್ನು ಮಸೆಯುವ ನುಣುಪು ಕಲ್ಲಿಗೆ ನಮ್ಮ ಮನೆಯಲ್ಲಿ ಸಿಲ್ಲಿ ಎನ್ನುತ್ತೇವೆ.

ಹೋದ ಬೇಸಿಗೆ ರಜೆಯಲ್ಲಿ ಆ ಸಿಲ್ಲಿ ನನ್ನ ಕೈಜಾರಿ ಬಿದ್ದು ಚೂರುಚೂರಾಯಿತು. ದಾದಾ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು. ಕಲ್ಲು ಯಾವುದಾದರೇನು ಎಂದುಕೊಂಡು ಚನ್ನರಾಯಪಟ್ಟಣದಿಂದ ಕುಡುಗೋಲು, ಮಚ್ಚು ಮಸೆಯುವ ಕಲ್ಲು ತಂದು, ಉಸ್ತರಾವನ್ನು ನಾನೇ ಉಜ್ಜಿಟ್ಟೆ. ಅಂಚು ಫಳಫಳ ಹೊಳೆಯಿತು. ಆ ಶುಕ್ರವಾರ ದಾದಾ ಅವರ ಕೆನ್ನೆಯಲ್ಲಿ ರಕ್ತ ಬಂತು.

"ಬೇಟಾ, ಹುಲ್ಲು ಕೊಯ್ಯೋಕೆ ಗರಗಸದಂಥ ಅಂಚು ನಡೆಯುತ್ತೆ. ಚರ್ಮಕ್ಕೆ ನಡೆಯಲ್ಲ" ಎಂದಷ್ಟೇ ಹೇಳಿದರು.

ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಮಸೆಗಲ್ಲಿಗೆ ಗ್ರಿಟ್ ಎಂಬ ಸಂಖ್ಯೆ ಇರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಹರಳು ಸಣ್ಣದು. ಅಡುಗೆಮನೆಯ ಚಾಕುವಿಗೆ 1000 ಸಾಕು. ಉಸ್ತರಾಗೆ ಕೊನೆಯ ಕಲ್ಲು 8000 ಆದರೂ ಇರಬೇಕು. ನಮ್ಮ ತಾಲ್ಲೂಕಿನಲ್ಲಿ ಕಲ್ಲಿಗೇನು ಬರವಿಲ್ಲ, ಶ್ರವಣಬೆಳಗೊಳದಲ್ಲಿ ಬೆಟ್ಟಗಳೇ ಇವೆ. ಆದರೆ ಗ್ರಾನೈಟಿನ ಹರಳು ಕಣ್ಣಿಗೆ ಕಾಣುವಷ್ಟು ದಪ್ಪ. ಉಸ್ತರಾದ ಕಲ್ಲಿನ ಹರಳು ಕಣ್ಣಿಗೆ ಕಾಣಲೇಬಾರದು.

ಲೆಕ್ಕಶಾಸ್ತ್ರದಲ್ಲಿ ನಾವು ಸವಕಳಿ ಓದುತ್ತೇವಲ್ಲ, ಮಸೆಯುವುದೂ ಅದೇ. ಪ್ರತಿ ಸಲ ಸ್ವಲ್ಪ ಉಕ್ಕು ಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ. ವರ್ಷಗಳಲ್ಲಿ ಆಗಬೇಕಾದ ಸವಕಳಿಯನ್ನು ನನ್ನ ಒರಟು ಕಲ್ಲು ಒಂದೇ ಸಂಜೆಯಲ್ಲಿ ಮಾಡಿತ್ತು. ಅಗ್ಗದ ಕಲ್ಲು ನಿಜವಾಗಿ ಅಗ್ಗವಾಗಿರಲಿಲ್ಲ.

ರಜೆಯಲ್ಲಿ ಚಾಚಾ ಅಂಗಡಿಯಲ್ಲಿ ಕೆಲಸ ಮಾಡಿ ಕೂಡಿಸಿದ್ದ ಹಣದಲ್ಲಿ ಒಂದು ಮಗ್ಗುಲು 3000, ಇನ್ನೊಂದು ಮಗ್ಗುಲು 8000 ಇರುವ ಕಲ್ಲು ತರಿಸಿದೆ. ಒಂದು ಮಗ್ಗುಲು ನಾನು ಮಾಡಿದ ಗೀರು ತೆಗೆಯಲು, ಇನ್ನೊಂದು ನುಣುಪು ಮಾಡಲು. ದಾದಾ ಅವರಿಗೆ ಕಣ್ಣು ಮಂಜು. ಬೆರಳಲ್ಲೇ ಸವರಿ, "ಮೊದಲು ಸಪಾಟಾಗಿದೆಯಾ ನೋಡು" ಎಂದರು. ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಗಾಜಿನ ಮೇಲೆ ಹಾಸಿದ ಸಣ್ಣ ಮರಳುಕಾಗದಕ್ಕೆ ಉಜ್ಜಿದೆ. ಗೆರೆಗಳೆಲ್ಲ ಒಂದೇ ಸಮನೆ ಅಳಿಸುವವರೆಗೂ ಬಿಡಲಿಲ್ಲ.

ನಂತರ ನೀರು ಹಾಕಿ, ಉಸ್ತರಾದ ಬೆನ್ನು ಮತ್ತು ಅಂಚು ಎರಡೂ ಕಲ್ಲಿಗೆ ತಾಗುವಂತೆ ಮಲಗಿಸಿ, ಅಂಚು ಮುಂದಾಗಿ ಎಳೆಯುವುದನ್ನು ಕಲಿಸಿದರು. ಒತ್ತಬಾರದು, ಉಸ್ತರಾದ ಭಾರವೇ ಸಾಕು. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು.

ಮುಂದಿನ ಶುಕ್ರವಾರ ರಕ್ತ ಬರಲಿಲ್ಲ. ಕೆನ್ನೆ ಸವರಿಕೊಂಡ ದಾದಾ ಉಸ್ತರಾ ಮಡಚಿ ನನ್ನ ಕೈಗೇ ಕೊಟ್ಟರು. "ಇನ್ನು ಮಸೆಯೋದು ನಿನ್ನ ಕೆಲಸ" ಎಂದರು.