ಐಂಡ್‌ಹೋವನ್‌ನಿಂದ ಬಾಣಂತನದ ಕಾಗದ

ಐಂಡ್‌ಹೋವನ್, ನೆದರ್ಲೆಂಡ್ಸ್
ಡಿಸೆಂಬರ್ 30

ಪ್ರೀತಿಯ ಅಕ್ಕನಿಗೆ,

ಬಾಣಂತಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆ. ಹೆಣ್ಣು ಕೂಸು ಅನ್ನುವುದು ನಿನಗೆ ಆವತ್ತೇ ಗೊತ್ತಾಗಿದೆ, ಫೋಟೋಗಳನ್ನೂ ನೋಡಿದ್ದೀಯ. ಆದರೆ ನೀನು ಕೇಳಿದ್ದಕ್ಕೆಲ್ಲ ಫೋನಿನಲ್ಲಿ ಉತ್ತರ ಹೇಳಿ ಮುಗಿಯುವುದಿಲ್ಲ. "ಡಾಕ್ಟರು ಬರಲೇ ಇಲ್ವಾ?" ಅಂತ ನೀನು ಕೇಳುವುದು, ನಾನು "ಇಲ್ಲ" ಅನ್ನುವುದು, ಸರಿಯಾಗಿ ಕೇಳಿಸಲಿಲ್ಲ ಅಂತ ನೀನು ಮತ್ತೆ "ಹಲೋ, ಹಲೋ" ಅನ್ನುವುದು. ಸರಿಯಾಗಿಯೇ ಕೇಳಿಸಿತ್ತು ಮಾರಾಯ್ತಿ. ಡಾಕ್ಟರು ಬರಲಿಲ್ಲ. ಅಳಿಯಂದಿರ ಆಫೀಸಿನವರೊಬ್ಬರು ಹೊಸ ವರ್ಷ ಕಳೆದ ಮೇಲೆ ಬೆಂಗಳೂರಿಗೆ ಹೊರಟಿದ್ದಾರೆ. ಅವರ ಕೈಲಿ ಈ ಕಾಗದ ಕೊಟ್ಟು ಅಲ್ಲಿಂದ ಪೋಸ್ಟ್ ಮಾಡಿಸುತ್ತೇನೆ, ಕೂತು ಓದಿಕೋ.

ಇಲ್ಲಿ ಬಸುರಿಗೆ ತೊಂದರೆ ಏನೂ ಇಲ್ಲದಿದ್ದರೆ ಅವಳನ್ನು ಮೊದಲಿಂದ ಕೊನೆಯವರೆಗೆ ನೋಡಿಕೊಳ್ಳುವವಳು ಸೂಲಗಿತ್ತಿ. ಓದಿ, ಪರೀಕ್ಷೆ ಪಾಸು ಮಾಡಿ, ಸ್ವಂತ ಕ್ಲಿನಿಕ್ ಇಟ್ಟುಕೊಂಡ ಸೂಲಗಿತ್ತಿ. ಸ್ತ್ರೀರೋಗತಜ್ಞರ ಮುಖ ನೋಡಬೇಕಾದರೆ ಏನಾದರೂ ಎಡವಟ್ಟಾಗಿರಬೇಕು. ಈಗಲೂ ನೂರರಲ್ಲಿ ಹತ್ತಕ್ಕೂ ಹೆಚ್ಚು ಹೆರಿಗೆ ಮನೆಯಲ್ಲೇ ಆಗುತ್ತದಂತೆ. 1960ರ ದಶಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಆಗುತ್ತಿತ್ತಂತೆ. "ನೀನೂ ಮನೇಲೇ ಹೆರುತ್ತೀಯೇನೇ?" ಅಂತ ಮಗಳನ್ನು ಕೇಳಿದಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅವಳು ಆಸ್ಪತ್ರೆಯನ್ನೇ ಆರಿಸಿಕೊಂಡಿದ್ದಳು. ಅಲ್ಲೂ ಹೆರಿಗೆ ಮಾಡಿಸುವುದು ಅದೇ ಸೂಲಗಿತ್ತಿ, ಕೋಣೆ ಮಾತ್ರ ಆಸ್ಪತ್ರೆಯದು.

ದಿನ ತುಂಬುವುದು ಜನವರಿ ಮೊದಲ ವಾರಕ್ಕೆ ಅಂದಿದ್ದರು. ಕೂಸಿಗೆ ಕ್ರಿಸ್‌ಮಸ್ ಹಬ್ಬದ ಅವಸರ. 24ರ ಸಂಜೆ ನೋವು ಶುರುವಾಯಿತು. ಇಲ್ಲಿ ಈ ದಿನಗಳಲ್ಲಿ ನಾಲ್ಕೂವರೆಗೆಲ್ಲ ಕತ್ತಲು, ಬೆಳಗ್ಗೆ ಎಂಟೂ ಮುಕ್ಕಾಲರವರೆಗೆ ಸೂರ್ಯನ ಸುದ್ದಿಯಿಲ್ಲ, ರಾತ್ರಿ ಅನ್ನುವುದು ಮುಗಿಯುವುದೇ ಇಲ್ಲ. ಎದುರುಮನೆಯ ಕಿಟಕಿಯಲ್ಲಿ ದೀಪದ ಸರ. ಆ ಮನೆಯವರೆಲ್ಲ ಮೇಜಿನ ನಡುವೆ ಕರೆಂಟಿನ ಕಾವಲಿ ಇಟ್ಟುಕೊಂಡು ಒಬ್ಬೊಬ್ಬರೂ ತಮ್ಮ ತಮ್ಮ ಪುಟ್ಟ ಬಾಣಲೆಯಲ್ಲಿ ಏನೋ ಹುರಿದುಕೊಂಡು ತಿನ್ನುತ್ತಿದ್ದರು. ಕ್ರಿಸ್‌ಮಸ್ಸಿಗೆ ಇವರ ಊಟವೇ ಅದು, ಗಂಟೆಗಟ್ಟಲೆ ನಡೆಯುತ್ತದೆ. ಇತ್ತ ನಮ್ಮವಳು ಗೋಡೆ ಹಿಡಿದು ನಿಂತಿದ್ದಾಳೆ. ನಾನು ಬೆನ್ನು ನೀವುತ್ತಾ ಗಡಿಯಾರ ನೋಡುತ್ತಿದ್ದೇನೆ. ಅಳಿಯಂದಿರು ಒಂದೊಂದು ನೋವನ್ನೂ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದಾರೆ.

ಫೋನು ಮಾಡಿದರೆ ಸೂಲಗಿತ್ತಿ ಬಂದಳು. ವಯಸ್ಸು ಮೂವತ್ತೂ ಆಗಿರಲಿಕ್ಕಿಲ್ಲ, ಜಿಂಕೆಯ ಚಿತ್ರದ ಹಬ್ಬದ ಸ್ವೆಟರು. ಪರೀಕ್ಷೆ ಮಾಡಿ, "ಇನ್ನೂ ಹೊತ್ತಿದೆ. ಮೂರು ನಾಲ್ಕು ನಿಮಿಷಕ್ಕೊಂದು ನೋವು ಬಂದು ಒಂದೊಂದೂ ಒಂದು ನಿಮಿಷ ನಿಂತರೆ ಕರೆಯಿರಿ. ಬಿಸಿನೀರಲ್ಲಿ ಸ್ನಾನ ಮಾಡಲಿ" ಅಂತ ಹೇಳಿ ಹೊರಟೇಬಿಟ್ಟಳು! ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ಡ್ರಿಪ್ ಹಾಕಿ ಮಲಗಿಸಿ, ಹೊರಗೆ ನಮ್ಮನ್ನು ಬೆಂಚಿನ ಮೇಲೆ ಕೂರಿಸಿರುತ್ತಿದ್ದರು. ನನಗೆ ಸಿಟ್ಟೂ ಬಂತು. ಆದರೆ ಅವಳು ಹೇಳಿದ ಮಾತು ನಮ್ಮಜ್ಜಿ ಹೇಳುತ್ತಿದ್ದ ಮಾತೇ ಅಲ್ಲವಾ: ಓಡಾಡು, ಬಿಸಿನೀರು ಹುಯ್ದುಕೋ, ಹೊತ್ತು ಬಂದಾಗ ಬರುತ್ತೆ. ರಾತ್ರಿ ಎರಡು ಗಂಟೆಗೆ ಮತ್ತೆ ಬಂದಳು, ಎಲ್ಲರೂ ಆಸ್ಪತ್ರೆಗೆ ಹೊರಟೆವು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ.

ಆಸ್ಪತ್ರೆಯ ಹಜಾರದಲ್ಲಿ ಕ್ರಿಸ್‌ಮಸ್ ಮರ, ಅದರ ಬುಡದಲ್ಲಿ ಗೋದಲಿ. ಈ ಸೀಮೆಯವರು ಹೆಚ್ಚಿನಂಶ ಕ್ಯಾಥೊಲಿಕ್ ಮನೆತನದವರು, ಗೋದಲಿ ಅಂದರೆ ಅಕ್ಕರೆ. ಅಳಿಯಂದಿರು ಕಾಗದಪತ್ರ ತುಂಬುವಷ್ಟು ಹೊತ್ತು ನಾನು ಅದನ್ನೇ ನೋಡುತ್ತಾ ನಿಂತೆ. ಹಸು ಇದೆ, ಕತ್ತೆ ಇದೆ, ಕುರುಬರಿದ್ದಾರೆ, ಒಂಟೆ ಸಮೇತ ಮೂವರು ಅರಸರಿದ್ದಾರೆ. ಮೇರಿಯ ಸೊಂಟ ನೀವಲಿಕ್ಕೆ ಒಬ್ಬಳೇ ಒಬ್ಬಳು ಹೆಂಗಸಿಲ್ಲ! ಚೊಚ್ಚಿಲ ಹೆರಿಗೆ, ಊರಲ್ಲದ ಊರು, ಅಮ್ಮ ಹತ್ತಿರ ಇಲ್ಲ. ಚಿನ್ನ, ಧೂಪ ಎಲ್ಲ ತಂದುಕೊಟ್ಟರಂತೆ. ಒಂದು ಲೋಟ ಬಿಸಿ ಗಂಜಿ ಯಾರು ಕೊಟ್ಟರೋ?

ಹೆರಿಗೆಯ ವಿಷಯ ವಿಸ್ತಾರವಾಗಿ ಬರೆಯಲ್ಲ, ನಿನಗೆ ಗೊತ್ತಿರದ್ದೇನಲ್ಲ. ಮಲಗಿಸಿಯೇ ಹೆರಿಸಬೇಕು ಅನ್ನುವ ಹಟ ಇವರಿಗಿಲ್ಲ ಅನ್ನುವುದೊಂದು ವಿಶೇಷ. ನಡುವೆ ತೆರಪಿರುವ ಗಿಡ್ಡ ಮಣೆಯೊಂದಿದೆ. ಅದರ ಮೇಲೆ ಕೂತು, ಹಿಂದೆ ಗಂಡ ಆತುಕೊಂಡು, ಬೆಳಕು ಹರಿಯುವ ಮೊದಲೇ ಕ್ರಿಸ್‌ಮಸ್ ದಿನ ನಮ್ಮ ಕೂಸು ಹುಟ್ಟಿತು. ಇನ್ನೂ ಒದ್ದೆಯಿರುವಾಗಲೇ ಅಮ್ಮನ ಎದೆಯ ಮೇಲೆ ಹಾಕಿದರು, ತೂಕ ನೋಡಿದ್ದೂ ಒಂದು ಗಂಟೆಯ ಮೇಲೆಯೇ.

ಆಮೇಲೆ ನರ್ಸು ಒಂದು ತಟ್ಟೆ ತಂದಳು. ದುಂಡಗಿನ ಗರಿಗರಿ ರಸ್ಕು, ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಗುಲಾಬಿ, ಬಿಳಿ ಸಕ್ಕರೆ ಮೆತ್ತಿದ ಸೋಂಪಿನ ಕಾಳು. ಗಂಡು ಮಗುವಾದರೆ ನೀಲಿ, ಬಿಳಿ. ಅರಮನೆಯಲ್ಲಿ ಮಗು ಹುಟ್ಟಿದರೆ ಕಿತ್ತಳೆ ಬಣ್ಣ. ಹೆರಿಗೆಯಾದ ಮನೆಗೆ ಬಂದವರಿಗೆಲ್ಲ ಇದನ್ನೇ ಕೊಡುವುದು. ಸೋಂಪು ತಿಂದರೆ ಬಾಣಂತಿಗೆ ಹಾಲು ಹೆಚ್ಚುತ್ತದೆ ಅನ್ನುವುದು ಇವರ ಹಳಬರ ನಂಬಿಕೆ. ನಾವು ಸಬ್ಬಸಿಗೆ ಸೊಪ್ಪು ತಿನ್ನಿಸುವುದೂ ಅದಕ್ಕೇ ತಾನೆ? ನಾನು ಆಕ್ಷೇಪಣೆ ಎತ್ತದೆ ತಿನ್ನಲು ಬಿಟ್ಟೆ, ಎರಡು ನಾನೂ ತಿಂದೆ. ಜೊತೆಗೆ ಕೊಟ್ಟ ತಣ್ಣನೆಯ ಚೀಸ್ ಬ್ರೆಡ್ಡನ್ನು ಮಾತ್ರ ಅವಳ ಕೈಗೆ ಸಿಗದಂತೆ ಸರಿಸಿದೆ. ಮಧ್ಯಾಹ್ನದ ಹೊತ್ತಿಗೆ, "ಸ್ನಾನ ಆಯಿತಲ್ಲ, ಇನ್ನು ಮನೆಗೆ ಹೋಗಬಹುದು" ಅಂದರು. ಹೌದಕ್ಕಾ, ಅದೇ ದಿನ!

ಕ್ರಿಸ್‌ಮಸ್ ದಿನ ಹೆರಿಗೆಯಾಗುವುದು ಕಡಿಮೆಯಂತೆ. ದಿನ ಗೊತ್ತುಮಾಡಿ ಮಾಡುವ ಸಿಸೇರಿಯನ್ನು, ಔಷಧಿ ಕೊಟ್ಟು ನೋವು ಬರಿಸುವುದು, ಇವನ್ನೆಲ್ಲ ಆದಷ್ಟು ಹಬ್ಬದ ಹಿಂದಕ್ಕೋ ಮುಂದಕ್ಕೋ ಹಾಕುತ್ತಾರೆ. ಆವತ್ತು ಹುಟ್ಟುವುದು ತಾವಾಗಿ ಬರುವ ಕೂಸುಗಳು, ಇಲ್ಲವೇ ತುರ್ತಿನವು. ಇಂಗ್ಲೆಂಡಿನಲ್ಲಿ ವರ್ಷದಲ್ಲೇ ಅತಿ ಕಡಿಮೆ ಜನ ಹುಟ್ಟಿದ ದಿನ ಡಿಸೆಂಬರ್ 26, ಅದರ ಹಿಂದೆಯೇ 25 ಅಂತ ಸರ್ಕಾರದ ಲೆಕ್ಕವನ್ನು ಅಳಿಯಂದಿರು ತೋರಿಸಿದರು. ಅತಿ ಹೆಚ್ಚು ಹುಟ್ಟುವುದು ಸೆಪ್ಟೆಂಬರ್ ಕೊನೆಗಂತೆ, ಅಂದರೆ ಕ್ರಿಸ್‌ಮಸ್ ಕಳೆದು ಒಂಬತ್ತು ತಿಂಗಳಿಗೆ. ಅದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಇದರ ತದ್ವಿರುದ್ಧ ನೋಡು. ಜೋಯಿಸರ ಹತ್ತಿರ ಮುಹೂರ್ತ ಇಡಿಸಿಕೊಂಡು ಬಂದು, ಇಂಥ ಗಳಿಗೆಯಲ್ಲೇ ಕೊಯ್ಯಿರಿ ಅಂತ ಡಾಕ್ಟರಿಗೆ ಗಂಟು ಬೀಳುತ್ತಾರೆ. ರಜೆ ನೋಡಿ ಮುಂದೆ ಹಾಕುವುದು ಇಲ್ಲಿ, ಗ್ರಹ ನೋಡಿ ಹಿಂದೆ ತರುವುದು ಅಲ್ಲಿ.

ಈ 25ನೇ ತಾರೀಖು ಅಂದಾಗ ನನಗೆ ಇನ್ನೊಬ್ಬರ ನೆನಪೂ ಬಂತು. ಪಾವಗಡದ ಸೂಲಗಿತ್ತಿ ನರಸಮ್ಮ ತೀರಿಕೊಂಡದ್ದು 2018ರ ಡಿಸೆಂಬರ್ 25ರಂದು. ಆ ವರ್ಷವೇ ಅವರಿಗೆ ಪದ್ಮಶ್ರೀ ಬಂದಿತ್ತು. ಕಾಸು ಮುಟ್ಟದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೈ ಅದು. ಶಾಲೆಯ ಮೆಟ್ಟಿಲು ಹತ್ತದ ಆಯಮ್ಮನಿಗೂ ಜಿಂಕೆ ಸ್ವೆಟರಿನ ಈ ಹುಡುಗಿಗೂ ನಡುವೆ ಎಷ್ಟೊಂದು ದೂರ. ಆದರೂ ನೋವು ಬಂದಾಗ ಇವಳು ಮಾತು ನಿಲ್ಲಿಸಿ ಹೊಟ್ಟೆಯ ಮೇಲೆ ಸುಮ್ಮನೆ ಕೈಯಿಟ್ಟು ಕೂತಿದ್ದನ್ನು ನೋಡಿ ನನಗೆ ಅವರದೇ ಜಾತಿಯವಳು ಅನ್ನಿಸಿತು.

ಇನ್ನು ಮುಖ್ಯ ವಿಷಯ. ನಾನು ಇಲ್ಲಿಗೆ ಬಂದದ್ದು ಬಾಣಂತನ ಮಾಡಲಿಕ್ಕೆ. ಸೂಟ್‌ಕೇಸಿನ ತುಂಬ ಅಂಟು, ಒಣಕೊಬ್ಬರಿ, ಓಂಕಾಳು, ಹಿಪ್ಪಲಿ, ಬಜೆ. ಪಾಪ, ಈ ದೇಶದಲ್ಲಿ ಅವಳಿಗೆ ಯಾರಿದ್ದಾರೆ ಅಂತ. ಆಸ್ಪತ್ರೆಯಿಂದ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ನೋಡಿದರೆ ಐವತ್ತರ ಒಬ್ಬ ಹೆಂಗಸು, ಸೈಕಲ್ಲಿನಲ್ಲಿ ಬಂದಿದ್ದಾಳೆ, ಮೂಗು ಕೆಂಪಗಾಗಿದೆ. "ನಾನು ಬಾಣಂತನಕ್ಕೆ ಬಂದವಳು" ಅಂದಳು! ಅವರ ಭಾಷೆಯಲ್ಲಿ ಇದಕ್ಕೆ ಕ್ರಾಮ್‌ಜೋರ್ಖ್ ಅನ್ನುತ್ತಾರೆ. ಎಲ್ಲರೂ ಕಡ್ಡಾಯವಾಗಿ ಮಾಡಿಸುವ ವಿಮೆಯಲ್ಲೇ ಇದು ಸೇರಿದೆ. ಕಡಿಮೆಯೆಂದರೆ 24 ಗಂಟೆ, ಹೆಚ್ಚೆಂದರೆ 80, ಸಾಮಾನ್ಯವಾಗಿ ಎಂಟು ದಿನದಲ್ಲಿ 49 ಗಂಟೆ. ಗಂಟೆಗೆ ಐದು ಯೂರೋ ಚಿಲ್ಲರೆ ನಾವು ಕೊಡಬೇಕು, ಮಿಕ್ಕದ್ದು ವಿಮೆಯವರದು. ಶ್ರೀಮಂತರ ಮನೆಗೂ ಅವಳೇ, ಅಮ್ಮನಿಗೆ ವೀಸಾ ಸಿಗದವಳ ಮನೆಗೂ ಅವಳೇ, ಅಮ್ಮನೇ ಇಲ್ಲದವಳ ಮನೆಗೂ ಅವಳೇ. ಹಬ್ಬದ ವಾರ ದಾದಿಯರು ಸಾಲದು ಅಂತ ನಮಗೆ ಗಂಟೆ ತುಸು ಕಡಿಮೆ ಕೊಟ್ಟರು, ನಿಜ. ಆದರೆ ಕ್ರಿಸ್‌ಮಸ್ ಅಂತ ಒಂದು ದಿನವೂ ತಪ್ಪಿಸಲಿಲ್ಲ. ಇಲ್ಲಿ 25, 26 ಎರಡೂ ದಿನ ಹಬ್ಬ. ಎರಡೂ ದಿನ ತನ್ನ ಮನೆಯ ಅಡುಗೆ ಸಂಜೆಗಿಟ್ಟುಕೊಂಡು ಬಂದಳು. ಎರಡನೆಯ ದಿನ ಬಾದಾಮಿ ಹೂರಣ ತುಂಬಿದ ಹಬ್ಬದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ನನಗಾಗಿ ತಂದಿದ್ದಳು.

ಮೊದಲ ದಿನ ನನಗೆ ಹೊಟ್ಟೆಕಿಚ್ಚು. ನನ್ನ ಮಗಳ ಮಂಚವನ್ನು ನಾಲ್ಕು ದಿಮ್ಮಿಗಳ ಮೇಲೆ ಎತ್ತರಿಸಿಟ್ಟಿದ್ದಾರೆ, ಅದು ದಾದಿಗೆ ಬೆನ್ನುನೋವು ಬರಬಾರದು ಅಂತ ಮಾಡಿದ ನಿಯಮ. ಐದು ಜನಕ್ಕೆ ಬಾಣಂತನ ಮಾಡಿದ ನಮ್ಮಮ್ಮನ ಬೆನ್ನಿನ ಬಗ್ಗೆ ಯಾರು ನಿಯಮ ಮಾಡಿದ್ದರು ಹೇಳು? ಇವಳ ಬಳಿ ಒಂದು ದಫ್ತರವಿದೆ. ಕೂಸಿನ ಮೈಬಿಸಿ ಎಷ್ಟು, ಎಷ್ಟು ಹೊತ್ತಿಗೆ ಹಾಲು ಕುಡಿಯಿತು, ಎಷ್ಟು ಸಲ ಒದ್ದೆ ಮಾಡಿತು, ಎಲ್ಲ ಅದರಲ್ಲಿ.

ತೊಟ್ಟಿಲು ಬೆಚ್ಚಗಿಡುವ ಅವಳ ಕ್ರಮ ಹೇಳುತ್ತೇನೆ ಕೇಳು. ಅಂಗೈಗಿಂತ ಸ್ವಲ್ಪ ಉದ್ದದ ಲೋಹದ ಸೀಸೆ. ಅಂಚಿನವರೆಗೆ ಬಿಸಿನೀರು ಹೊಯ್ದು, ಮುಚ್ಚಳ ತಿರುಗಿಸಿ, ಸಿಂಕಿನ ಮೇಲೆ ಬೋರಲು ಹಿಡಿದು ಜೋರಾಗಿ ಅಲ್ಲಾಡಿಸಿದಳು. ಒಂದು ಹನಿ ಬಿತ್ತು. ಮುಚ್ಚಳ ತೆಗೆದು, ಒಳಗಿನ ರಬ್ಬರ್ ಬಿಲ್ಲೆ ಒರೆಸಿ, ಮತ್ತೆ ತಿರುಗಿಸಿ, ಮತ್ತೆ ಬೋರಲು ಹಿಡಿದಳು. ಈ ಸಲ ಹನಿಯಿಲ್ಲ. ಅದಕ್ಕೆ ಉಣ್ಣೆಯ ಚೀಲ ತೊಡಿಸಿ, ಮುಚ್ಚಳ ಕೂಸಿನ ಕಾಲಿನ ಕಡೆಗೆ ಬರುವಂತೆ, ಮೈಯಿಂದ ಒಂದು ಗೇಣು ದೂರ ಇಟ್ಟಳು. ಅಷ್ಟು ಹೊತ್ತೂ ಒಂದು ಮಾತಾಡಲಿಲ್ಲ. ಅದನ್ನು ನೋಡಿದ ಮೇಲೆ ನನ್ನ ಕಿಚ್ಚು ಅರ್ಧ ಇಳಿಯಿತು.

ಹಾಗಂತ ಎಲ್ಲದಕ್ಕೂ ತಲೆಯಾಡಿಸಿಲ್ಲ. ಕುಲಾವಿ ಹಾಕಿ ಮಲಗಿಸಬೇಡಿ, ಮೈ ಬಿಸಿಯಾಗುತ್ತದೆ ಅಂದಳು. ಅದಕ್ಕೆ ಒಪ್ಪಿದೆ, ಕಾರಣ ಸರಿಯಾಗಿತ್ತು. ಧೂಪ ಬೇಡ ಅಂದಳು. ಅದಕ್ಕೂ ಸರಿ, ಹೇಗೂ ಈ ಮನೆಯಲ್ಲಿ ಒಗ್ಗರಣೆಗೇ ಅಲಾರಂ ಕೂಗುತ್ತದೆ. ಆದರೆ ಸುಳಿಗಾಳಿ ಬರುವಂತೆ ಕಿಟಕಿ ತೆರೆದಿಟ್ಟು ಬಾಣಂತಿಯನ್ನು ಬರಿತಲೆಯಲ್ಲಿ ಕೂರಿಸುವುದಕ್ಕೆ ನಾನು ಬಿಡಲಿಲ್ಲ. ಕಿವಿಗೆ ಹತ್ತಿ, ತಲೆಗೆ ಬಟ್ಟೆ ಕಟ್ಟಿದ ಮೇಲೆಯೇ ಕಿಟಕಿ. ಮೂರನೆಯ ದಿನ ನಾನು ಮಣೆಯ ಮೇಲೆ ಕೂತು, ಕಾಲು ನೀಡಿ, ಕೂಸನ್ನು ಮೊಣಕಾಲಿನ ಕೆಳಗೆ ಮಲಗಿಸಿ ಎಣ್ಣೆ ಹಚ್ಚಿದ್ದನ್ನು ಅವಳು ಪಕ್ಕದಲ್ಲೇ ಕೂತು ನೋಡಿದಳು. ಕೂಸು ಅಲ್ಲೇ ನಿದ್ದೆ ಹೋಯಿತು. ಅವಳು ದಫ್ತರ ತೆಗೆದು ಅದನ್ನೂ ಬರೆದಳು!

ತುಪ್ಪದ ಚಿಂತೆ ಬೇಡ. ಹಾಲಿನ ಪದಾರ್ಥ ಹೊರದೇಶದಿಂದ ಒಳಗೆ ತರುವಂತಿಲ್ಲ ಅಂತ ಬರುವಾಗಲೇ ಗೊತ್ತಿದ್ದರಿಂದ ತಂದಿರಲಿಲ್ಲ. ಇಲ್ಲಿಯ ಬೆಣ್ಣೆ ಅಂದರೆ ಬೆಣ್ಣೆ, ಹಳದಿ ಬಣ್ಣ, ಒಂದು ಹನಿ ಮೋಸವಿಲ್ಲ. ಎಂಟು ಪೊಟ್ಟಣ ಕಾಯಿಸಿದೆ. ವೀಳ್ಯದೆಲೆ ಎಲ್ಲಿಂದ ತರಲಿ, ನಾಲ್ಕು ಕಾಳು ಮೆಂತ್ಯ ಹಾಕಿದೆ. ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದದ್ದು, ಬಿಸಿ ಅನ್ನ, ತುಪ್ಪ, ಇಷ್ಟೇ ಅವಳ ಊಟ. ದಾದಿ ಸಾರು ಕುಡಿದು ಕಣ್ಣಲ್ಲಿ ನೀರು ಹಾಕಿಕೊಂಡು ಇನ್ನೊಂದು ಲೋಟ ಕೇಳಿದಳು.

ನಿನಗೆ ಇಷ್ಟವಾಗದ ಸುದ್ದಿಯೊಂದಿದೆ, ಹೇಳಿಬಿಡುತ್ತೇನೆ. ಹುಟ್ಟಿದ ಮೂರು ದಿನದೊಳಗೆ ಪುರಸಭೆಯಲ್ಲಿ ನೋಂದಾಯಿಸಬೇಕು, ಹೆಸರನ್ನೂ ಆಗಲೇ ಬರೆಸಬೇಕು. ಹಬ್ಬ, ಶನಿವಾರ, ಭಾನುವಾರ ಅಡ್ಡ ಬಂದರೆ ಗಡುವು ಸ್ವಲ್ಪ ಮುಂದೆ ಹೋಗುತ್ತದೆ, ಅಷ್ಟೇ. ಹನ್ನೆರಡನೆಯ ದಿನದ ತನಕ ಯಾರು ಕಾಯುತ್ತಾರೆ? ಪುರುಡು ಕಳೆಯುವ ಮೊದಲೇ ಅಳಿಯಂದಿರು ಹೋಗಿ ಹೆಸರು ಬರೆಸಿ ಬಂದರು. ಪುರಸಭೆಗೆ ಕೊಟ್ಟದ್ದು ಅವರಿಬ್ಬರು ಆರಿಸಿದ ಹೆಸರು. ತೊಟ್ಟಿಲ ಶಾಸ್ತ್ರಕ್ಕೆ ಕಿವಿಯಲ್ಲಿ ಹೇಳುವ ಹೆಸರು ನೀನೇ ಹೇಳಬೇಕು. ಜೋಯಿಸರಿಗೆ ಹುಟ್ಟಿದ ಹೊತ್ತನ್ನು ಇಲ್ಲಿಯ ಗಡಿಯಾರದ ಪ್ರಕಾರವೇ ಕೊಡು, ಅವರು ಸರಿಮಾಡಿಕೊಳ್ಳುತ್ತಾರೆ. ಹಿಮ್ಮಡಿಯಿಂದ ರಕ್ತ ತೆಗೆಯುವ ಪರೀಕ್ಷೆಯೂ ಮನೆಯಲ್ಲೇ ಆಯಿತು. ಕೂಸು ಅತ್ತದ್ದಕ್ಕಿಂತ ಅದರ ಅಪ್ಪ ಹೆಚ್ಚು ಬೆವರಿದರು.

ನಾಳೆ ರಾತ್ರಿ ಇವರ ಹೊಸ ವರ್ಷದ ಪಟಾಕಿ. ನಮ್ಮ ದೀಪಾವಳಿಯನ್ನು ಮೀರಿಸುತ್ತದಂತೆ, ಈಗಾಗಲೇ ಹುಡುಗರು ಅಲ್ಲಿ ಇಲ್ಲಿ ಶುರುಮಾಡಿದ್ದಾರೆ. ಕೂಸಿನ ತೊಟ್ಟಿಲನ್ನು ಹಿಂದಿನ ಕೋಣೆಗೆ ಸಾಗಿಸಿದ್ದೇವೆ. ನಾಡಿದ್ದು ದಾದಿಯ ಕೊನೆಯ ದಿನ. ಅವಳಿಗೆ ಉಡುಗೊರೆ ಏನು ಕೊಡಲಿ ಅಂತ ನಮ್ಮವಳನ್ನು ಕೇಳಿದರೆ ಚಾಕೊಲೇಟು ಅನ್ನುತ್ತಾಳೆ. ನಾನು ಇಳಕಲ್ ಸೀರೆಯ ಮೇಲೆ ಕಣ್ಣಿಟ್ಟಿದ್ದೇನೆ. ಉಡದಿದ್ದರೆ ಕಿಟಕಿಗೆ ಪರದೆಯಾದರೂ ಮಾಡಿಕೊಳ್ಳಲಿ.

ನನ್ನ ವೀಸಾ ತೊಂಬತ್ತು ದಿನದ್ದು, ಫೆಬ್ರವರಿಯಲ್ಲಿ ಹೊರಡಲೇಬೇಕು. ಆಮೇಲೆ ಬೀಗಿತ್ತಿ ಬರುತ್ತಾರೆ. ನೀನು ಅವರಿಗೆ ಒಮ್ಮೆ ಫೋನು ಮಾಡು. ನಾನು ಹೇಳಿದರೆ ಈ ಬೀಗಿತ್ತಿ ದೊಡ್ಡಸ್ತಿಕೆ ತೋರಿಸಿದಳು ಅಂತ ಅವರಿಗೆ ಅನ್ನಿಸೀತು. ಹಿಪ್ಪಲಿ, ಅಂಟು ಇನ್ನೂ ಸಾಕಷ್ಟಿದೆ, ಅದರ ಬದಲು ಎರಡು ಉಣ್ಣೆಯ ಕಾಲುಚೀಲ ತರಲಿ. ಮತ್ತೆ, ಈ ಮನೆಯ ಮಹಡಿ ಮೆಟ್ಟಿಲು ಬಹಳ ಕಡಿದು, ಅವರ ಮಂಡಿನೋವಿನ ಔಷಧಿ ಮರೆಯದಿರಲಿ. ಭಾವನವರಿಗೆ ನಮಸ್ಕಾರ ಹೇಳು.

ಇಂತಿ ನಿನ್ನ ಪ್ರೀತಿಯ ತಂಗಿ